ಪಂಪು ಕೆಟ್ಟಿತು, ಪಂಪು ಕೆಡಿಸಿದ

*ಇಂದಿನ ಧಮ್ಮ ಚಿಂತನೆ*



ಈ ವಾರ ಎಂಟನೇ ತರಗತಿಗೆ ವ್ಯಾಕರಣ ಪಾಠ ನಡೆಯುತ್ತಿದೆ. ‘ಕೆಡು’ ಎಂಬ ಧಾತುವಿಗೆ ‘ಇಸು’ ಸೇರಿಸಿದರೆ ‘ಕೆಡಿಸು’. ಹಾಲು ಉಕ್ಕಿತು, ಹಾಲು ಉಕ್ಕಿಸಿದಳು. ಗಿಡ ಒಣಗಿತು, ಗಿಡ ಒಣಗಿಸಿದ. ಮಕ್ಕಳಿಗೆ ಇದು ಬಲು ಸುಲಭದ ಪಾಠ. ಎರಡಕ್ಷರ ಸೇರಿಸಿದರೆ ಸಾಕು, ವಾಕ್ಯಕ್ಕೆ ಒಬ್ಬ ಕರ್ತೃ ಬಂದು ನಿಲ್ಲುತ್ತಾನೆ. ಮನೆಗಳಲ್ಲಿ ಹಾಲು ಉಕ್ಕಿದಾಗ ಆ ಕರ್ತೃ ಸಾಮಾನ್ಯವಾಗಿ ಸೊಸೆಯೇ ಆಗಿರುತ್ತಾಳೆ, ಅದು ಬೇರೆ ಮಾತು.

ಇಂದಿನ ಪ್ರಶ್ನೆ ಇಷ್ಟೇ: ಒಂದು ವಸ್ತು ಕೆಟ್ಟಾಗ ಅದಕ್ಕೆ ಕಾರಣ ಹುಡುಕುವುದು ಬೇರೆ, ತಪ್ಪಿತಸ್ಥನನ್ನು ಹುಡುಕುವುದು ಬೇರೆ. ಕಾರಣ ಹುಡುಕುವ ಧಮ್ಮಕ್ಕೆ ಬಂದ ನಾವು ಎಷ್ಟು ಸಲ ಎರಡನೆಯದನ್ನೇ ಮಾಡುತ್ತಿದ್ದೇವೆ?

ನಮ್ಮ ಬಳಗದ ಇಬ್ಬರ ನಡುವೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದರು, ಹಾಕುವುದಿಲ್ಲ. ಗೊತ್ತಿರುವವರಿಗೆ ಗೊತ್ತಾಗುತ್ತದೆ, ದಯವಿಟ್ಟು ಗುಂಪಿನಲ್ಲಿ ಯಾರೂ ಹೆಸರು ಹಾಕಬೇಡಿ.

ಒಬ್ಬರು ಪಿಕಪ್ ಗಾಡಿಯ ಮಾಲೀಕರು. ಸಾಲದ ಗಾಡಿ, ತಿಂಗಳ ಕಂತು ಇನ್ನೂ ಇದೆ. ಇನ್ನೊಬ್ಬರು ಅದರ ಡ್ರೈವರ್. ಸುತ್ತಲಿನ ಹಳ್ಳಿಗಳಿಂದ ಟೊಮೆಟೊ ಬಾಕ್ಸ್ ತುಂಬಿಕೊಂಡು ಕೋಲಾರದ ಎಪಿಎಂಸಿಗೆ ಹಾಕುವ ಕೆಲಸ. ಇಬ್ಬರೂ ಭಾನುವಾರ ಒಂದೇ ಚಾಪೆಯ ಮೇಲೆ ಕುಳಿತು ವಂದನೆ ಹೇಳುವವರು. ಗಾಡಿಯ ಗಾಜಿನ ಮೇಲೆ ಬಾಬಾಸಾಹೇಬರ ಚಿತ್ರವಿದೆ. ಬಂಪರಿನಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ಇಲ್ಲ. ಆಯುಧಪೂಜೆಗೆ ಬೂದುಗುಂಬಳ ಒಡೆಯುವುದೂ ಇಲ್ಲ.

ಗಾಡಿ ಲೋಡಿನಲ್ಲಿ ಎಳೆಯುವುದನ್ನು ಬಿಟ್ಟಿತು. ಬೆಳಗ್ಗೆ ಸೆಲ್ಫ್ ಹೊಡೆದರೆ ಹತ್ತು ಸಲಕ್ಕೆ ಒಮ್ಮೆ ಸ್ಟಾರ್ಟ್. ಕೊನೆಗೆ ಒಂದು ದಿನ ಲೋಡ್ ಸಮೇತ ರಸ್ತೆಯಲ್ಲೇ ನಿಂತಿತು. ಬಾಕ್ಸುಗಳನ್ನು ಬೇರೆ ಗಾಡಿಗೆ ಹಾಕಿ ಕಳಿಸುವಷ್ಟರಲ್ಲಿ ಹರಾಜು ಮುಗಿದಿತ್ತು. ಟ್ಯಾಂಕಿನೊಳಗಿನ ಡೀಸೆಲ್ ಪಂಪು ಹೋಗಿದೆ ಎಂದಾಯಿತು. ನಾಲ್ಕು ತಿಂಗಳ ಹಿಂದಷ್ಟೇ ಬೇರೊಂದು ಕಡೆ ಅದೇ ಪಂಪನ್ನು ಹೊಸದು ಹಾಕಿಸಿದ್ದರು. ಮಾಲೀಕರಿಗೆ ಸಿಟ್ಟು ಬಂತು. ಡ್ರೈವರ್ ಯಾವಾಗಲೂ ಡೀಸೆಲ್ ಮುಗಿಯುವವರೆಗೆ ಓಡಿಸುತ್ತಾನೆ, ಅದಕ್ಕೇ ಪಂಪು ಸುಟ್ಟುಹೋಗಿದೆ ಎಂದು ಯಾರೋ ಹೇಳಿದರು. ಸಂಬಳದಲ್ಲಿ ತಿಂಗಳಿಗೆ 2,000 ರೂಪಾಯಿಯಂತೆ ನಾಲ್ಕು ತಿಂಗಳು ಹಿಡಿಯುವುದೆಂದು ತೀರ್ಮಾನವಾಯಿತು. ಡ್ರೈವರ್ ಏನೂ ಹೇಳಲಿಲ್ಲ. ಅವರ ಮನೆಯವರು ಮಾತ್ರ ಎರಡು ಭಾನುವಾರ ವಂದನೆಗೆ ಬರಲಿಲ್ಲ.

ಪಂಪಿನ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ ಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಎಲ್ಲ ಡೀಸೆಲ್ ಗಾಡಿಗಳಿಗೂ ಟ್ಯಾಂಕಿನೊಳಗೆ ಪಂಪು ಇರುವುದಿಲ್ಲ. ಹಲವು ಗಾಡಿಗಳಲ್ಲಿ ಎಂಜಿನ್ ಕಡೆಯ ಪಂಪೇ ಡೀಸೆಲ್ ಹೀರಿಕೊಳ್ಳುತ್ತದೆ. ಒಳಗೆ ಇರುವ ಗಾಡಿಗಳಲ್ಲಿ ಅದೊಂದು ಸಣ್ಣ ಕರೆಂಟು ಮೋಟಾರ್. ಅದರ ಬುಡದಲ್ಲಿ ಒಂದು ಜರಡಿ, ಪಕ್ಕದಲ್ಲಿ ಡೀಸೆಲ್ ಎಷ್ಟಿದೆ ಎಂದು ಮೀಟರಿಗೆ ತಿಳಿಸುವ ತೇಲುಗುಂಡು. ಕೆಲವೇ ಬಾರ್ ಒತ್ತಡದಲ್ಲಿ ಡೀಸೆಲ್ಲನ್ನು ಫಿಲ್ಟರಿನ ಮೂಲಕ ಮುಂದಕ್ಕೆ ತಳ್ಳುವುದಷ್ಟೇ ಅದರ ಕೆಲಸ. ಎಂಜಿನ್ ಮೇಲಿನ ದೊಡ್ಡ ಪಂಪು ಆ ಒತ್ತಡವನ್ನು ಸಾವಿರ ಬಾರ್ ದಾಟಿಸಿ ಇಂಜೆಕ್ಟರಿಗೆ ಕೊಡುತ್ತದೆ. ಹೆಸರು ಬರುವುದು ದೊಡ್ಡ ಪಂಪಿಗೆ. ಆದರೆ ಒಳಗಿನ ಸಣ್ಣದು ನಿಂತರೆ ದೊಡ್ಡದಕ್ಕೂ ಅಪಾಯ. ಏಕೆಂದರೆ ಡೀಸೆಲ್ಲೇ ಅದಕ್ಕೆ ಎಣ್ಣೆ. ಡೀಸೆಲ್ ಸಾಲದೆ ಒಣಗಿ ತಿರುಗಿದರೆ ಲೋಹ ಸವೆದು, ಆ ಪುಡಿ ಇಂಜೆಕ್ಟರುಗಳವರೆಗೂ ಹೋಗುತ್ತದೆ. ಅಲ್ಲಿಗೆ ಖರ್ಚು ಹತ್ತು ಪಟ್ಟು.

ಒಳಗಿನ ಪಂಪು ಡೀಸೆಲ್‌ನಲ್ಲೇ ಮುಳುಗಿರುತ್ತದೆ, ಆ ಡೀಸೆಲ್ಲೇ ಅದನ್ನು ತಂಪಾಗಿಡುತ್ತದೆ. ಹಾಗಾಗಿ ಟ್ಯಾಂಕ್ ಯಾವಾಗಲೂ ತಳ ಕಾಣುವಂತೆ ಓಡಿಸಿದರೆ ಪಂಪಿಗೆ ಕಾವು ಹೆಚ್ಚಾಗಿ ಬೇಗ ಸವೆಯುತ್ತದೆ ಎಂಬ ಮಾತು ಸುಳ್ಳಲ್ಲ. ಮಾಲೀಕರ ಆರೋಪದಲ್ಲಿ ನಿಜವಿತ್ತು. ಅದಕ್ಕೇ ಈ ವಿಷಯ ಯೋಚನೆಗೆ ಯೋಗ್ಯ. ಪೂರ್ತಿ ಸುಳ್ಳು ಆರೋಪವಾಗಿದ್ದರೆ ಚಿಂತನೆ ಯಾಕೆ, ಪಂಚಾಯಿತಿ ಸಾಕಿತ್ತು.

ನಾವೆಲ್ಲ ಭಾಯ್ ಎಂದು ಕರೆಯುವ ಮೇಸ್ತ್ರಿಯ ಗ್ಯಾರೇಜಿಗೆ ಗಾಡಿ ಬಂದಾಗ ನನ್ನ ಸ್ಕೂಟರ್ ಕೂಡ ಅಲ್ಲೇ ರಿಪೇರಿಗೆ ನಿಂತಿತ್ತು. ಶನಿವಾರ, ಅರ್ಧ ದಿನದ ಶಾಲೆ. ಕುಳಿತು ನೋಡಿದೆ. ಭಾಯ್ ಬಂದವರೇ ಟ್ಯಾಂಕಿಗೆ ಕೈ ಹಾಕಲಿಲ್ಲ. ಮೊದಲು ಬ್ಯಾಟರಿ ನೋಡಿದರು, ಫ್ಯೂಸ್ ನೋಡಿದರು, ರಿಲೇ ಬದಲಿಸಿ ನೋಡಿದರು. ಹುಡುಗನಿಗೆ ಚಾವಿ ಆನ್ ಮಾಡಲು ಹೇಳಿ ತಾವು ಡೀಸೆಲ್ ಹಾಕುವ ಬಾಯಿಗೆ ಕಿವಿಯಿಟ್ಟು ಕೇಳಿದರು. ಗುಂಯ್ ಎನ್ನಬೇಕಾದ ಮೋಟಾರ್ ನರಳಿದಂತೆ ಸದ್ದು ಮಾಡಿ ಸುಮ್ಮನಾಯಿತಂತೆ. ಪಂಪಿನ ತಂತಿಗೆ ಕರೆಂಟು ಸರಿಯಾಗಿ ಬರುತ್ತಿದೆಯೇ ಎಂದು ಪರೀಕ್ಷಿಸಿದರು. ಆಮೇಲೆ ಫಿಲ್ಟರ್ ಬಿಚ್ಚಿ ಅದರಲ್ಲಿದ್ದುದನ್ನು ಒಂದು ಗಾಜಿನ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿದರು. ಮೇಲೆ ಡೀಸೆಲ್, ಕೆಳಗೆ ಕಂದು ನೀರು, ನಡುವೆ ತೆಳ್ಳನೆಯ ಲೋಳೆ.

“ನೋಡಿ ಮೇಡಂ, ಇದು ಪಂಪಿನ ಕಾಯಿಲೆ ಅಲ್ಲ, ಪಂಪಿಗೆ ಬಂದ ಕಾಯಿಲೆ” ಎಂದರು.

ಎಂ.ಎ. ಓದಿದ ನನಗೆ ಈ ವಿಭಕ್ತಿ ಪ್ರತ್ಯಯದ ಪಾಠ ಗ್ಯಾರೇಜಿನಲ್ಲಿ ಸಿಕ್ಕಿತು. ಷಷ್ಠಿಗೂ ಚತುರ್ಥಿಗೂ ಇಷ್ಟು ವ್ಯತ್ಯಾಸವಿದೆ.

ಇಷ್ಟೆಲ್ಲ ನೋಡಿದ ಮೇಲೆಯೇ ಟ್ಯಾಂಕ್ ಇಳಿಸಿದ್ದು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಉಳಿದ ಡೀಸೆಲ್ಲನ್ನು ಕ್ಯಾನಿಗೆ ಇಳಿಸಿದರು. ತುಂಬಿದ ಟ್ಯಾಂಕನ್ನು ಯಾರೂ ಇಳಿಸುವುದಿಲ್ಲ, 40 ಲೀಟರ್ ಡೀಸೆಲ್ ಎಂದರೆ 33 ಕಿಲೋದಷ್ಟು ತೂಕ, ಅದೂ ಒಳಗೆ ತುಳುಕಾಡುವ ತೂಕ. ಜಾಕ್ ಕೊಟ್ಟು, ಪಟ್ಟಿಗಳ ಬೋಲ್ಟ್ ಬಿಚ್ಚಿ, ಅರ್ಧ ಇಳಿಸಿ ಪೈಪು, ತಂತಿ ತಪ್ಪಿಸಿ, ಆಮೇಲೆ ಪೂರ್ತಿ ಇಳಿಸಿದರು. ಪಂಪಿನ ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಧೂಳನ್ನೆಲ್ಲ ಬ್ರಷ್ ಹಾಕಿ ಉಜ್ಜಿ, ಗಾಳಿ ಹೊಡೆದು ತೆಗೆದರು. ಇಲ್ಲದಿದ್ದರೆ ತೆರೆದ ಕೂಡಲೇ ಅದೆಲ್ಲ ಒಳಗೇ ಬೀಳುತ್ತದೆ. ಮುಚ್ಚಳದ ರಿಂಗನ್ನು ಕಬ್ಬಿಣದಿಂದ ಹೊಡೆಯಲಿಲ್ಲ. ಕಿಡಿ ಹಾರಬಾರದೆಂದು ಹಿತ್ತಾಳೆಯ ತುಂಡಿಟ್ಟು ನಿಧಾನ ತಟ್ಟಿದರು. ಪೆಟ್ರೋಲಿನಷ್ಟು ಬೇಗ ಡೀಸೆಲ್ ಹೊತ್ತಿಕೊಳ್ಳುವುದಿಲ್ಲ, ಆದರೂ ಭಾಯ್ ಆ ಲೆಕ್ಕದ ಮೇಲೆ ಕೆಲಸ ಮಾಡುವವರಲ್ಲ. ಪಂಪನ್ನು ಓರೆ ಮಾಡಿ, ತೇಲುಗುಂಡಿನ ಕಡ್ಡಿ ಬಗ್ಗದಂತೆ ಹೊರಗೆ ತೆಗೆದರು. ಜರಡಿಯ ಮೇಲೆ ರಾಗಿಮುದ್ದೆ ಮೆತ್ತಿದ ಹಾಗೆ ಕೆಸರು.

ಆ ಟ್ಯಾಂಕಿನೊಳಗೆ ಕೈ ಹಾಕಿ ಬಳಿದು ತೊಳೆದದ್ದು ಹದಿನೆಂಟು ತುಂಬಿದ ಸಹಾಯಕ ಹುಡುಗ. ಸರ್ಫ್ ಪುಡಿ ಹಾಕಿ ಎರಡು ಸಲ ಕೈ ತೊಳೆದರೂ ವಾಸನೆ ಹೋಗಲಿಲ್ಲ, ಹಾಗೇ ಊಟಕ್ಕೆ ಕುಳಿತ. ಭಾಯ್ ತಮ್ಮ ಡಬ್ಬಿಯ ಪಲ್ಯವನ್ನು ಅವನ ತಟ್ಟೆಗೂ ಹಾಕಿದರು. ಸಿಗಾಲೋವಾದ ಸುತ್ತದಲ್ಲಿ ಬುದ್ಧ ಗುರು ಯಜಮಾನನ ಐದು ಕರ್ತವ್ಯ ಹೇಳುತ್ತಾರಲ್ಲ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ತಿನಿಸು ಬಂದಾಗ ಹಂಚಿಕೊಳ್ಳುವುದು, ಆಗಾಗ ಬಿಡುವು. ಭಾಯ್ ಆ ಸುತ್ತವನ್ನು ಓದಿದವರಲ್ಲ.

ಈಗ ನೀರು ಎಲ್ಲಿಂದ ಬಂತು? ಅದನ್ನು ಕೇಳಿದವರೂ ಭಾಯ್ ಅವರೇ. ಡ್ರೈವರ್ ಮೆಲ್ಲಗೆ ಬಾಯಿಬಿಟ್ಟರು. ಮಾಲೀಕರ ಹಿತ್ತಲಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮಿದೆ. ರಾತ್ರಿ ಮೂರು ಗಂಟೆಗೆ ಹೊರಡಬೇಕಾದಾಗ ಬಂಕಿಗೆ ಹೋಗುವಷ್ಟು ಸಮಯವಿರದ ಕಾರಣ ಅದರಿಂದಲೇ ಹಾಕಿಕೊಳ್ಳುವುದು. ಡ್ರಮ್ಮಿನ ಮುಚ್ಚಳ ಸಡಿಲ, ಮಳೆಗಾಲ ಕಳೆದಿದೆ. ಡ್ರೈವರ್ ಬಟ್ಟೆ ಕಟ್ಟಿ ಸೋಸದೆ ಸುರಿದದ್ದೂ ನಿಜ. ಬಂಕಿಗೆ ಹೋದ ದಿನಗಳಲ್ಲಿ ಮಾಲೀಕರು ಕೊಡುತ್ತಿದ್ದುದು 500 ರೂಪಾಯಿ, ಅದಕ್ಕೆ ಐದೂವರೆ ಲೀಟರ್ ಆಸುಪಾಸು ಬರುತ್ತಿತ್ತು. ಟ್ಯಾಂಕ್ ತಳ ಕಾಣದೆ ಇನ್ನೇನಾಗುತ್ತದೆ? ಮಾಲೀಕರು 500 ಕೊಟ್ಟದ್ದು ಜಿಪುಣತನದಿಂದಲ್ಲ. ಬಾಡಿಗೆಯ ದುಡ್ಡು ಮಂಡಿಯವರಿಂದ ವಾರಕ್ಕೊಮ್ಮೆ ಬರುವುದು, ಕಂತು ಮಾತ್ರ ತಾರೀಕಿಗೆ ಸರಿಯಾಗಿ ಹೋಗಬೇಕು. ನಾಲ್ಕು ತಿಂಗಳ ಹಿಂದೆ ಪಂಪು ಹಾಕಿದವರು ಟ್ಯಾಂಕ್ ತೊಳೆಯಲಿಲ್ಲ, ಫಿಲ್ಟರೂ ಬದಲಿಸಲಿಲ್ಲ. ಹಳೆಯ ಕೆಸರಿನಲ್ಲೇ ಹೊಸ ಪಂಪು ಕೂರಿಸಿ ಬಿಲ್ ಮಾಡಿದರು.

ಈಗ ಹೇಳಿ, ಕರ್ತೃ ಯಾರು? ಡ್ರಮ್ಮಿನ ಮುಚ್ಚಳವೇ, ಮಳೆಯೇ, ಸೋಸದ ಕೈಯೇ, 500 ರೂಪಾಯಿಯೇ, ಸಾಲದ ಕಂತೇ, ಹಿಂದಿನ ಗ್ಯಾರೇಜೇ? ಪಟಿಚ್ಚ ಸಮುಪ್ಪಾದ ಎಂದು ನಾವು ಭಾನುವಾರ ಓದುವ ದೊಡ್ಡ ಪದ ಇಲ್ಲಿ ಕಪ್ಪು ಕೆಸರಾಗಿ ಜರಡಿಗೆ ಮೆತ್ತಿಕೊಂಡಿತ್ತು. ಯಾವುದೂ ಒಂದೇ ಕಾರಣದಿಂದ ಹುಟ್ಟುವುದಿಲ್ಲ. ಒಂದನ್ನು ತೆಗೆದರೆ ಇನ್ನೊಂದು ನಿಲ್ಲುವುದಿಲ್ಲ.

ಬುದ್ಧ ಗುರುವನ್ನು ಮೋಲಿಯ ಸೀವಕ ಎಂಬ ಪರಿವ್ರಾಜಕ ಒಮ್ಮೆ ಪ್ರಶ್ನೆ ಕೇಳಿದ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದ ಫಲವೇ ಎಂದು ಕೆಲವರು ಹೇಳುತ್ತಾರೆ, ನಿಮ್ಮ ಅಭಿಪ್ರಾಯವೇನು ಎಂದು. ಗುರುಗಳು ಒಪ್ಪಲಿಲ್ಲ. ಪಿತ್ತದಿಂದ ನೋವು ಬರುತ್ತದೆ, ಕಫದಿಂದ, ವಾತದಿಂದ, ಮೂರೂ ಕೆರಳುವುದರಿಂದ, ಋತು ಬದಲಾಗುವುದರಿಂದ, ಎಚ್ಚರವಿಲ್ಲದ ನಡೆಯಿಂದ, ಯಾರೋ ಹೊಡೆಯುವುದರಿಂದ ಎಂದು ಒಂದೊಂದಾಗಿ ಎಣಿಸಿದರು. ಕಮ್ಮದ ಫಲ ಆ ಪಟ್ಟಿಯಲ್ಲಿ ಎಂಟನೆಯದು, ಕೊನೆಯದು. ನನಗೆ ಆ ಸುತ್ತ ಓದುವಾಗಲೆಲ್ಲ ಒಬ್ಬ ಒಳ್ಳೆಯ ಮೇಸ್ತ್ರಿ ನೆನಪಾಗುತ್ತಾನೆ. ಫ್ಯೂಸ್ ನೋಡು, ರಿಲೇ ನೋಡು, ತಂತಿ ನೋಡು, ಫಿಲ್ಟರ್ ನೋಡು. ಕಣ್ಣಿಗೆ ಕಾಣುವ ಕಾರಣಗಳನ್ನೆಲ್ಲ ನೋಡದೆ ಕಾಣದ ಕಾರಣಕ್ಕೆ ಹಾರಬೇಡ.

ನಮ್ಮ ಹಿರಿಯರಿಗೆ ಊರು ಹೇಳಿದ್ದು ಇದರ ತದ್ವಿರುದ್ಧ. ಕೇರಿಯಲ್ಲಿ ಯಾಕೆ ಹುಟ್ಟಿದೆ, ಹೊಲ ಯಾಕಿಲ್ಲ, ಬಾವಿಯ ನೀರು ಯಾಕಿಲ್ಲ ಎಂದು ಕೇಳಿದರೆ ಒಂದೇ ಉತ್ತರ: ಹೋದ ಜನ್ಮದಲ್ಲಿ ನೀನೇ ಕೆಡಿಸಿಕೊಂಡಿದ್ದು. ಹೊಲ ಯಾರ ಹೆಸರಿನಲ್ಲಿದೆ, ಬಾವಿಗೆ ಬೇಲಿ ಹಾಕಿದವರು ಯಾರು ಎಂದು ಕೇಳಲು ಜಾಗವೇ ಇಲ್ಲ. ಪರೀಕ್ಷಿಸಲು ಸಾಧ್ಯವೇ ಇಲ್ಲದ ಆರೋಪ ಅದು. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬೌದ್ಧರ ಕಮ್ಮವನ್ನು ಹಿಂದಿನ ಜನ್ಮದ ಕರ್ಮದಿಂದ ಬೇರೆ ಮಾಡಿ ತೋರಿಸಲು ಅಷ್ಟೊಂದು ಪುಟ ಬರೆದದ್ದು ಪಾಂಡಿತ್ಯಕ್ಕಲ್ಲ. ಆ ಗ್ರಂಥ ಅಚ್ಚಾಗಿ ಬಂದದ್ದು ಅವರ ಪರಿನಿಬ್ಬಾಣದ ನಂತರ, 1957ರಲ್ಲಿ. ಅಷ್ಟರಲ್ಲಿ ಲಕ್ಷಾಂತರ ಜನ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಆ ಆರೋಪದಿಂದ ಹೊರಗೆ ಬಂದಾಗಿತ್ತು.

ನನ್ನನ್ನು ಕಾಡುವುದು ಇದು. ಗಾಡಿಯಿಂದ ನಿಂಬೆಹಣ್ಣು ತೆಗೆದೆವು, ಕುಂಬಳಕಾಯಿ ಬಿಟ್ಟೆವು. ಆದರೆ ಕೈ ಕೆಳಗೆ ಒಬ್ಬ ಮನುಷ್ಯ ಬಂದ ಕೂಡಲೇ ‘ನಿನ್ನಿಂದಲೇ’ ಎನ್ನುವ ನಾಲಗೆ ಎಲ್ಲಿಂದ ಬಂತು? ಮೇಲಿರುವವನು ಕೆಟ್ಟದ್ದರ ಲೆಕ್ಕವನ್ನು ಕೆಳಗಿನವನ ಖಾತೆಗೆ ಬರೆಯುವುದು ಜಾತಿಯ ಅಭ್ಯಾಸ, ಅದಕ್ಕೆ ಜನಿವಾರವೇ ಬೇಕೆಂದಿಲ್ಲ. ಶಾಲೆಗಳಲ್ಲೂ ಇದನ್ನು ನೋಡುತ್ತೇವೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಇಳಿದರೆ ಮೇಲಿನಿಂದ ಶಿಕ್ಷಕರಿಗೆ ನೋಟಿಸು, ಶಿಕ್ಷಕರ ಕೋಣೆಯಿಂದ ಮಕ್ಕಳಿಗೆ ‘ನಿನ್ನ ತಲೆಯೇ ಅಷ್ಟು’. ಮಗು ಬೆಳಗ್ಗೆ ಟೊಮೆಟೊ ಕೀಳಲು ಹೋಗಿ ಬಂದಿದೆಯೇ ಎಂದು ಕೇಳುವವರು ಕಡಿಮೆ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ, ಗುಂಪಿನಲ್ಲಿ ಒಬ್ಬಿಬ್ಬರು ಈಗಾಗಲೇ ಟೈಪ್ ಮಾಡಲು ಶುರು ಮಾಡಿರಬಹುದು. ಎಲ್ಲಕ್ಕೂ ನೂರು ಕಾರಣ ಎಂದರೆ ಯಾರೂ ಹೊಣೆಯಲ್ಲವೇ? ನಾಳೆ ಟ್ಯಾಂಕಿನಿಂದ ಡೀಸೆಲ್ ಕದ್ದು ಮಾರಿದವನೂ ಪಟಿಚ್ಚ ಸಮುಪ್ಪಾದ ಎನ್ನಬಹುದಲ್ಲ? ಹಾಗಲ್ಲ. ಧಮ್ಮದಲ್ಲಿ ಕಮ್ಮದ ತಿರುಳು ಚೇತನ, ಅಂದರೆ ಉದ್ದೇಶ. ಕದ್ದವನಿಗೆ ಉದ್ದೇಶವಿತ್ತು. ಅವನ ಲೆಕ್ಕ ಬೇರೆ, ಅದು ಎರಡನೆಯ ಶೀಲದ ಮಾತು. ಸೋಸದೆ ಸುರಿದದ್ದು ಕಳ್ಳತನವಲ್ಲ, ಎಚ್ಚರ ತಪ್ಪಿದ್ದು. ಎಚ್ಚರ ತಪ್ಪಿದವನಿಗೆ ಬೇಕಾದದ್ದು ಒಂದು ಜರಡಿ ಬಟ್ಟೆ, ಒಂದು ಮಾತು. ಡ್ರೈವರ್ ವಾರಗಟ್ಟಲೆ ಡೀಸೆಲ್ ಲೈಟು ಉರಿಯುವುದನ್ನು ನೋಡಿಯೂ ಗಟ್ಟಿಯಾಗಿ ಹೇಳಲಿಲ್ಲ ಎಂಬುದು ನಿಜ. ಅವರನ್ನೇ ಕೇಳಿದೆ. “ಒಂದ್ಸಲ ಹೇಳಿದ್ದೆ ಮೇಡಂ. ‘ನಿಂಗೆ ಯಾವಾಗ್ಲೂ ದುಡ್ಡಿಂದೇ ಮಾತು’ ಅಂದ್ರು ಅಣ್ಣ. ಆಮೇಲೆ ಸುಮ್ನಾದೆ.” ಹೇಳಿದರೆ ಕೇಳುವ ಕಿವಿ ಇಲ್ಲದ ಕಡೆ ಹೇಳದವನ ತಪ್ಪನ್ನು ಎಷ್ಟು ತೂಗಬೇಕು? ನನ್ನ ತಕ್ಕಡಿಯಲ್ಲಿ ಅದು ಹೆಚ್ಚು ತೂಗುವುದಿಲ್ಲ.

ಇನ್ನು ದುಡ್ಡಿನ ಮಾತು. ಪಂಪು, ಫಿಲ್ಟರ್, ಹೊಸ ಓ ರಿಂಗ್, ಕೂಲಿ ಎಲ್ಲ ಸೇರಿ ದೊಡ್ಡ ಬಿಲ್ಲೇ ಆಯಿತು. ಅದನ್ನು ಯಾರು ಕೊಡಬೇಕು? ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ: ಪೂರ್ತಿ ಮಾಲೀಕರೇ. 2023ರ ಜುಲೈ ನೆನಪಿದೆಯೇ? ಕೋಲಾರ ಮಾರುಕಟ್ಟೆಯಲ್ಲಿ 15 ಕಿಲೋದ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆಗ ಗಾಡಿಗಳಿಗೂ ಎಡೆಬಿಡದ ಬಾಡಿಗೆ. ಆ ತಿಂಗಳು ಡ್ರೈವರ್ ಸಂಬಳ ಏರಲಿಲ್ಲ. ಲಾಭ ಬಂದಾಗ ‘ಗಾಡಿ ನನ್ನದು’, ನಷ್ಟ ಬಂದಾಗ ‘ಓಡಿಸಿದವನು ನೀನು’ ಎನ್ನುವುದು ಯಾವ ನ್ಯಾಯ? ಪಾಲುದಾರನನ್ನಾಗಿ ಮಾಡಿಕೊಂಡಿದ್ದರೆ ನಷ್ಟದ ಪಾಲು ಕೇಳಬಹುದಿತ್ತು.

ಇದು ನನ್ನ ಭಾವುಕತೆಯೂ ಅಲ್ಲ. 1936ರ ವೇತನ ಪಾವತಿ ಕಾಯ್ದೆಯೇ ಇದನ್ನು ಯೋಚಿಸಿತ್ತು. ಕೆಲಸಗಾರನ ನಿರ್ಲಕ್ಷ್ಯದಿಂದಲೇ ನೇರವಾಗಿ ಆದ ನಷ್ಟಕ್ಕೆ ಮಾತ್ರ ಸಂಬಳ ಹಿಡಿಯಬಹುದು, ಅದೂ ಅವನ ಮಾತನ್ನು ಹೇಳಿಕೊಳ್ಳಲು ಅವಕಾಶ ಕೊಟ್ಟ ಮೇಲೆ. 2019ರ ವೇತನ ಸಂಹಿತೆಯಲ್ಲೂ ಈ ಅಂಶ ಉಳಿದಿದೆ. ಒಂದು ಪಿಕಪ್ಪಿನ ಜಗಳಕ್ಕೆ ಯಾರೂ ಕಾಯ್ದೆ ಪುಸ್ತಕ ತೆಗೆಯುವುದಿಲ್ಲ, ಗೊತ್ತು. ಆದರೆ ಪರಕೀಯರ ಆಳ್ವಿಕೆಯ ಕಾನೂನೇ ‘ಮೊದಲು ಅವನನ್ನು ಕೇಳು’ ಎಂದಿರುವಾಗ, ಒಂದೇ ಚಾಪೆಯ ಮೇಲೆ ಕೂರುವವರು ಕೇಳದೆ ಹಿಡಿದರೆ ಹೇಗೆ?

ಮಾಲೀಕರು ಭಾಯ್ ತೋರಿಸಿದ ಬಾಟಲಿಯನ್ನು ಬಹಳ ಹೊತ್ತು ನೋಡಿದರು. ಮೊದಲ ತಿಂಗಳು ಹಿಡಿದಿದ್ದ 2,000ವನ್ನು ಮರುದಿನವೇ ವಾಪಸ್ ಕೊಟ್ಟಿದ್ದಾರೆ. ಡ್ರಮ್ಮನ್ನು ಹಿತ್ತಲಿಂದ ತೆಗೆಸಿದ್ದಾರೆ. ದಿನಕ್ಕೆ 500ರ ಬದಲು ವಾರಕ್ಕೆರಡು ಸಲ ಅರ್ಧ ಟ್ಯಾಂಕ್ ಹಾಕಿಸುವುದೆಂದು ಇಬ್ಬರೂ ಮಾತಾಡಿಕೊಂಡಿದ್ದಾರೆ. ಹೊಸ ಪಂಪು ಕೂರಿಸಿ, ಕೈಪಂಪು ಒತ್ತಿ ಒತ್ತಿ ಏರ್ ತೆಗೆದು, ಚಾವಿ ನಾಲ್ಕು ಸಲ ಆನ್ ಮಾಡಿ ಬಿಟ್ಟು, ಐದನೆಯ ಸಲಕ್ಕೆ ಸೆಲ್ಫ್ ಹೊಡೆದಾಗ ಗಾಡಿ ಸ್ಟಾರ್ಟ್ ಆಯಿತು. ಸ್ಟಾರ್ಟ್ ಮಾಡಿದ್ದು ಡ್ರೈವರ್. ಮಾಲೀಕರು ಪಕ್ಕದ ಸೀಟಿನಲ್ಲಿ ಕುಳಿತರು.

ಎಲ್ಲ ಬಗೆಹರಿಯಿತೆಂದು ಹೇಳಲಾರೆ. ರಸ್ತೆಯಲ್ಲಿ ಗಾಡಿ ನಿಂತ ದಿನ ಹರಾಜು ತಪ್ಪಿದ ರೈತನ ಟೊಮೆಟೊ ಮರುದಿನ ಕಡಿಮೆ ಬೆಲೆಗೆ ಹೋಯಿತು. ಅವನು ನಮ್ಮ ಬಳಗದವನಲ್ಲ, ಅವನ ಲೆಕ್ಕ ಯಾರೂ ಕೇಳಿಲ್ಲ. ಟ್ಯಾಂಕ್ ತೊಳೆಯದೆ ಪಂಪು ಹಾಕಿದ ಹಿಂದಿನ ಗ್ಯಾರೇಜಿನವರ ಹತ್ತಿರ ಹೋಗಿ ಜಗಳ ಮಾಡಬೇಕೆಂದು ಮಾಲೀಕರು ಹೇಳುತ್ತಿದ್ದಾರೆ. ಡ್ರೈವರ್ ಬೇಡ ಅನ್ನುತ್ತಿದ್ದಾರೆ, ಅವರಿಗೂ ಯಾರೋ ‘ಬೇಗ ಮುಗಿಸಿಕೊಡಿ, ಕಡಿಮೆ ಮಾಡಿ’ ಎಂದಿರಬೇಕಲ್ಲ ಎಂದು. ಹಾಗೆ ಅಂದವರು ಯಾರು ಎಂದು ನಾನು ಕೇಳಲಿಲ್ಲ. ಮಾಲೀಕರು ತಲೆ ತಗ್ಗಿಸಿದ್ದರು.

ಈ ಭಾನುವಾರ ಬೆಳಗ್ಗೆ 10 ಗಂಟೆಗೆ, ವಂದನೆ ಮುಗಿದ ಮೇಲೆ, ರೈತನ ಟೊಮೆಟೊ ಲೆಕ್ಕದಿಂದಲೇ ಮಾತು ಶುರು ಮಾಡೋಣ. ಭಾಯ್ ಅವರನ್ನೂ ಕರೆದಿದ್ದೇನೆ, ಹಳೆಯ ಪಂಪನ್ನು ಬಿಚ್ಚಿ ತೋರಿಸುತ್ತೇನೆ ಎಂದಿದ್ದಾರೆ. ಚಾಪೆಯ ಮೇಲೆ ಹಾಸಲು ಯಾರಾದರೂ ಹಳೆಯ ಪೇಪರ್ ತನ್ನಿ. ಡ್ರೈವರ್ ಮನೆಯವರಿಗೆ ಫೋನ್ ಮಾಡಿದ್ದೆ, ಬರುತ್ತೇವೆ ಅಂದರು.

ಜೈ ಭೀಮ್.